ಪ್ರೊಜೀರಿಯಾ: ಒಂದೇ ಅಕ್ಷರದ ಬದಲಾವಣೆ ಮುಪ್ಪಿನ ಬಗ್ಗೆ ತಿಳಿಸಿದ್ದೆಷ್ಟು?

ಹುಟ್ಟುವಾಗ ಉಳಿದ ಮಕ್ಕಳಂತೆಯೇ ಇದ್ದ ಮಗು ಮೊದಲ ವರ್ಷ ತುಂಬುವುದರೊಳಗೆ ತೂಕ ಏರದೆ ಸೊರಗತೊಡಗುತ್ತದೆ. ಹೊಟ್ಟೆ ಮತ್ತು ತೊಡೆಯ ಚರ್ಮ ಬಿಗಿದು ಗಡುಸಾಗುತ್ತದೆ. ಎರಡನೆಯ ವರ್ಷದ ಸುಮಾರಿಗೆ ತಲೆಗೂದಲೂ ಹುಬ್ಬೂ ಉದುರುತ್ತವೆ, ಚರ್ಮದಡಿಯ ಕೊಬ್ಬು ಕರಗಿ ನೆತ್ತಿಯ ರಕ್ತನಾಳಗಳು ಎದ್ದು ಕಾಣುತ್ತವೆ, ಕೆಳದವಡೆ ಬೆಳೆಯದೆ ಹಲ್ಲುಗಳು ಒತ್ತೊತ್ತಾಗುತ್ತವೆ, ಕೀಲುಗಳು ಬಿಗಿಯುತ್ತವೆ. ಹತ್ತು ವರ್ಷದ ಮಗುವಿನ ಎತ್ತರ ಒಂದು ಮೀಟರಿನ ಆಸುಪಾಸಿನಲ್ಲೇ ಉಳಿಯುತ್ತದೆ. ಆದರೆ ಮಾತು, ನೆನಪು, ಓದು, ತಮಾಷೆಗಳೆಲ್ಲ ವಯಸ್ಸಿಗೆ ತಕ್ಕಂತೆಯೇ ಬೆಳೆಯುತ್ತವೆ. ಚಿಕಿತ್ಸೆ ಸಿಗದಿದ್ದರೆ ಸರಾಸರಿ 14.5 ವರ್ಷಕ್ಕೆ ಸಾವು ಬರುತ್ತದೆ. ಸಾವಿನ ಕಾರಣ ಹೆಚ್ಚಿನವರಲ್ಲಿ ಎಪ್ಪತ್ತು ದಾಟಿದವರ ಮರಣಪತ್ರದಲ್ಲಿ ಕಾಣುವಂಥದ್ದೇ ಆಗಿರುತ್ತದೆ: ಹೃದಯಾಘಾತ, ಹೃದಯ ವೈಫಲ್ಯ ಅಥವಾ ಪಾರ್ಶ್ವವಾಯು.

ಈ ರೋಗದ ಪೂರ್ಣ ಹೆಸರು ಹಚಿನ್ಸನ್-ಗಿಲ್‌ಫರ್ಡ್ ಪ್ರೊಜೀರಿಯಾ ಸಿಂಡ್ರೋಮ್. ಇಂಗ್ಲೆಂಡಿನ ಜೊನಾಥನ್ ಹಚಿನ್ಸನ್ 1886ರಲ್ಲಿ ಇದನ್ನು ಮೊದಲು ವರ್ಣಿಸಿದರು. ಹೇಸ್ಟಿಂಗ್ಸ್ ಗಿಲ್‌ಫರ್ಡ್ 1897ರಲ್ಲಿ ಮತ್ತೊಮ್ಮೆ ಬರೆದರು, ಮುಂದೆ ಪ್ರೊಜೀರಿಯಾ ಎಂಬ ಹೆಸರನ್ನೂ ಕೊಟ್ಟರು. ಸುಮಾರು ನಲವತ್ತು ಲಕ್ಷ ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಇಷ್ಟು ವಿರಳವಾದ ರೋಗವೊಂದನ್ನು ವೃದ್ಧಾಪ್ಯದ ಜೀವವಿಜ್ಞಾನದ ಪಾಠವಾಗಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಸಾಮಾನ್ಯ ಮುಪ್ಪಿನಲ್ಲಿ ನೂರಾರು ಕಾರಣಗಳು ಹತ್ತಾರು ವರ್ಷ ಒಟ್ಟಿಗೆ ಕೆಲಸ ಮಾಡುವುದರಿಂದ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಇಲ್ಲಿ ಮೊದಲ ಕಾರಣ ಒಂದೇ, ಅದೂ ಡಿಎನ್‌ಎಯ ಒಂದೇ ಅಕ್ಷರ. ಅಲ್ಲಿಂದ ಹೊರಟ ಕೇಡು ಯಾವ ಅಂಗಾಂಶವನ್ನು ತಲುಪುತ್ತದೆ, ಯಾವುದನ್ನು ಮುಟ್ಟದೆ ಬಿಡುತ್ತದೆ ಎಂಬುದನ್ನು ಹೆಜ್ಜೆ ಹೆಜ್ಜೆಗೂ ನೋಡಬಹುದು. ಪತ್ರಿಕೆಗಳು ಇದನ್ನು ವೇಗವಾಗಿ ಓಡುವ ಮುಪ್ಪು ಎಂದು ಕರೆಯುವುದುಂಟು. ಆ ಮಾತು ಅರ್ಧ ಮಾತ್ರ ನಿಜವೆಂದೂ, ನಿಜವಲ್ಲದ ಅರ್ಧದಲ್ಲೇ ಹೆಚ್ಚಿನ ಕಲಿಕೆ ಇದೆಯೆಂದೂ ನನ್ನ ಅಭಿಪ್ರಾಯ.

ಕಾರಣ ಸಿಕ್ಕ ಬಗೆ

ಹಚಿನ್ಸನ್ ವರ್ಣಿಸಿದ ನೂರು ವರ್ಷಗಳ ನಂತರವೂ ರೋಗದ ಮೂಲ ಗೊತ್ತಿರಲಿಲ್ಲ. ಅದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುವ ಕಾಯಿಲೆಯಾಗಿದ್ದರೆ ದೊಡ್ಡ ಕುಟುಂಬಗಳ ವಂಶವೃಕ್ಷವನ್ನು ಹಿಡಿದು ದೋಷವಿರುವ ಜೀನನ್ನು ಹುಡುಕಬಹುದಿತ್ತು. ಈ ಮಕ್ಕಳಾದರೋ ಸಂತಾನ ಪಡೆಯುವ ವಯಸ್ಸನ್ನು ಮುಟ್ಟುವವರಲ್ಲ. ತಂದೆತಾಯಿಯಲ್ಲಿ, ಒಡಹುಟ್ಟಿದವರಲ್ಲಿ ರೋಗದ ಸುಳಿವೂ ಇರುವುದಿಲ್ಲ. ಸಂಶೋಧನೆಗೆ ಹಣವಾಗಲಿ, ಅಂಗಾಂಶದ ಮಾದರಿಗಳಾಗಲಿ ಇರಲಿಲ್ಲ. ಅಮೆರಿಕದ ಮಸಾಚುಸೆಟ್ಸ್‌ನ ವೈದ್ಯ ದಂಪತಿ ಲೆಸ್ಲಿ ಗಾರ್ಡನ್ ಮತ್ತು ಸ್ಕಾಟ್ ಬರ್ನ್ಸ್ ಅವರ ಮಗ ಸ್ಯಾಮ್‌ಗೆ ಇನ್ನೂ ಎರಡು ವರ್ಷ ತುಂಬುವ ಮೊದಲೇ, 1998ರಲ್ಲಿ, ಪ್ರೊಜೀರಿಯಾ ಇದೆಯೆಂದು ಗೊತ್ತಾಯಿತು. ಮರುವರ್ಷ ಅವರು ಪ್ರೊಜೀರಿಯಾ ರಿಸರ್ಚ್ ಫೌಂಡೇಶನ್ ಸ್ಥಾಪಿಸಿ, ಜಗತ್ತಿನ ಬೇರೆ ಬೇರೆ ಕಡೆಯ ಮಕ್ಕಳ ಕೋಶಗಳನ್ನೂ ವೈದ್ಯಕೀಯ ದಾಖಲೆಗಳನ್ನೂ ಒಂದೆಡೆ ಕೂಡಿಸುವ ಕೆಲಸಕ್ಕೆ ಕೈಹಾಕಿದರು. ನಂತರದ ಪ್ರತಿಯೊಂದು ಫಲಿತಾಂಶದ ಹಿಂದೆಯೂ ಈ ಸಂಗ್ರಹವಿದೆ ಎಂದರೆ ಹೆಚ್ಚೇನೂ ಅಲ್ಲ.

2003ರಲ್ಲಿ ಎರಡು ತಂಡಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಒಂದೇ ಉತ್ತರ ಪ್ರಕಟಿಸಿದವು. ಒಂದು, ಆಗ ಅಮೆರಿಕದ ರಾಷ್ಟ್ರೀಯ ಮಾನವ ಜೀನೋಮ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ ಮತ್ತು ಮರಿಯಾ ಎರಿಕ್ಸನ್ ಅವರ ತಂಡ. ಇನ್ನೊಂದು, ಫ್ರಾನ್ಸಿನ ಮಾರ್ಸೇಲ್‌ನ ನಿಕೊಲಾ ಲೆವಿ ಅವರ ತಂಡ. ಕಾಲಿನ್ಸ್ ತಂಡಕ್ಕೆ ದಾರಿ ತೋರಿಸಿದ್ದು ಕೆಲವೇ ಕೆಲವು ಅಪವಾದದ ಮಾದರಿಗಳು. ಇಬ್ಬರು ಮಕ್ಕಳ ಕೋಶಗಳಲ್ಲಿ ಒಂದನೆಯ ವರ್ಣತಂತುವಿನ ಒಂದು ಭಾಗದ ಎರಡೂ ಪ್ರತಿಗಳು ತಂದೆ ಅಥವಾ ತಾಯಿ ಪೈಕಿ ಒಬ್ಬರಿಂದಲೇ ಬಂದಂತೆ ಕಂಡವು. ಇನ್ನೊಂದು ಮಾದರಿಯಲ್ಲಿ ಅದೇ ಜಾಗದ ಒಂದು ತುಣುಕೇ ಕಾಣೆಯಾಗಿತ್ತು. ಹುಡುಕಬೇಕಾದ ಪ್ರದೇಶ ಹೀಗೆ ಕಿರಿದಾಯಿತು. ಅಲ್ಲಿದ್ದ ಜೀನುಗಳಲ್ಲಿ ಎಲ್‌ಎಂಎನ್‌ಎ ಎಂಬುದೊಂದು. ಪರೀಕ್ಷಿಸಿದ 20 ಮಂದಿ ರೋಗಿಗಳಲ್ಲಿ 18 ಮಂದಿಗೆ ಆ ಜೀನಿನ 1824ನೆಯ ಸ್ಥಾನದಲ್ಲಿ ಸಿ ಎಂಬ ಅಕ್ಷರ ಇರಬೇಕಾದಲ್ಲಿ ಟಿ ಇತ್ತು. ತಂದೆತಾಯಿಯಲ್ಲಿ ಆ ಬದಲಾವಣೆ ಇರಲಿಲ್ಲ. ಅದು ವೀರ್ಯಾಣು ಅಥವಾ ಅಂಡಾಣು ರೂಪುಗೊಳ್ಳುವಾಗ ಹೊಸದಾಗಿ ಹುಟ್ಟಿಕೊಂಡದ್ದು. ಎರಡು ಪ್ರತಿಗಳಲ್ಲಿ ಒಂದರಲ್ಲಿದ್ದರೂ ರೋಗ ತರಲು ಸಾಕು.

ನಮ್ಮ ಕಡೆಯ ಓದುಗರಿಗಾಗಿ ಇಲ್ಲೊಂದು ಮಾತು ಸೇರಿಸಬೇಕು. ಮಗುವಿಗೆ ವಿರಳ ಆನುವಂಶಿಕ ರೋಗವಿದೆಯೆಂದು ತಿಳಿದೊಡನೆ ಸೋದರಮಾವನೊಂದಿಗೋ ಅತ್ತೆಯ ಮಗನೊಂದಿಗೋ ಆದ ಮದುವೆಯನ್ನೇ ಬೊಟ್ಟು ಮಾಡುವುದು ಕರ್ನಾಟಕದ ಮನೆಗಳಲ್ಲಿ ಸಾಮಾನ್ಯ. ಶಾಸ್ತ್ರೀಯ ಪ್ರೊಜೀರಿಯಾದ ಮಟ್ಟಿಗೆ ಆ ಆರೋಪಕ್ಕೆ ಆಧಾರವಿಲ್ಲ. ರಕ್ತಸಂಬಂಧದ ಮದುವೆಯಾಗಿದ್ದರೂ ಆಗದಿದ್ದರೂ ಹೊಸ ಬದಲಾವಣೆಯ ಸಾಧ್ಯತೆ ಅಷ್ಟೇ. ಆದರೆ ಇದೇ ಜೀನಿನಲ್ಲಿ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುವ, ಪ್ರೊಜೀರಿಯಾವನ್ನೇ ಹೋಲುವ ರೋಗಗಳಿವೆ, ಅವುಗಳ ಲೆಕ್ಕ ಬೇರೆ. 2004ರಲ್ಲಿ ರಕ್ತಸಂಬಂಧದ ಮದುವೆಯಾಗಿದ್ದ ಒಂದು ಭಾರತೀಯ ಕುಟುಂಬದ ಒಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ಅಂಥ ಬದಲಾವಣೆ ಪತ್ತೆಯಾಗಿ ವರದಿಯಾಯಿತು. ಆದ್ದರಿಂದ ಮುಖಲಕ್ಷಣ ನೋಡಿ ಹೆಸರಿಟ್ಟುಬಿಡದೆ ಜೀನ್ ಪರೀಕ್ಷೆ ಮಾಡಿಸುವುದು, ಮುಂದಿನ ಮಗುವಿನ ಬಗ್ಗೆ ತಂದೆತಾಯಿಗೆ ಏನು ಹೇಳಬೇಕು ಎಂಬ ಕಾರಣಕ್ಕಾದರೂ ಅಗತ್ಯ.

ಒಂದಕ್ಷರ ಮಾಡುವ ಹಾನಿ

ಬದಲಾದ ಆ ಅಕ್ಷರದ ವಿಚಿತ್ರವೆಂದರೆ, ಮೇಲ್ನೋಟಕ್ಕೆ ಅದು ಏನನ್ನೂ ಬದಲಿಸುವುದಿಲ್ಲ. ಮೂರು ಮೂರು ಅಕ್ಷರಗಳ ಸಂಕೇತದಲ್ಲಿ ಜಿಜಿಸಿ ಎಂಬುದೂ ಜಿಜಿಟಿ ಎಂಬುದೂ ಗ್ಲೈಸಿನ್ ಎಂಬ ಒಂದೇ ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಇಂಥ ಬದಲಾವಣೆಯನ್ನು ಮೌನ ಬದಲಾವಣೆ ಎಂದು ಪಕ್ಕಕ್ಕೆ ಸರಿಸುವುದೇ ಆಗಿನ ರೂಢಿ. ಆದರೆ ಜೀನಿನಿಂದ ನಕಲಾದ ಆರ್‌ಎನ್‌ಎಯನ್ನು ಜೀವಕೋಶ ಹಾಗೆಯೇ ಬಳಸುವುದಿಲ್ಲ. ಬೇಡದ ಭಾಗಗಳನ್ನು ಕತ್ತರಿಸಿ ಉಳಿದವನ್ನು ಜೋಡಿಸುತ್ತದೆ. ಎಲ್ಲಿ ಕತ್ತರಿಸಬೇಕೆಂಬುದಕ್ಕೂ ಅಕ್ಷರಗಳೇ ಗುರುತು. ಸಿ ಹೋಗಿ ಟಿ ಬಂದಾಗ, ಕತ್ತರಿಸುವ ಜಾಗವೆಂದು ಕೋಶ ಸಾಮಾನ್ಯವಾಗಿ ಲೆಕ್ಕಿಸದ ಒಂದು ತಾಣ ಅಸಲಿ ಗುರುತಿನಂತೆಯೇ ಕಾಣಲಾರಂಭಿಸುತ್ತದೆ. ಪರಿಣಾಮವಾಗಿ ಆರ್‌ಎನ್‌ಎಯ 150 ಅಕ್ಷರಗಳು, ಅಂದರೆ ಪ್ರೋಟೀನಿನ 50 ಅಮೈನೋ ಆಮ್ಲಗಳು, ಕಾಣೆಯಾಗುತ್ತವೆ. ಹೀಗೆ ತುಂಡಾಗಿ ಹುಟ್ಟಿದ ಪ್ರೋಟೀನಿಗೆ ಪ್ರೊಜೆರಿನ್ ಎಂದು ಹೆಸರು.

ಎಲ್‌ಎಂಎನ್‌ಎ ಜೀನ್ ಮಾಡಬೇಕಾದದ್ದು ಲ್ಯಾಮಿನ್ ಎ ಎಂಬ ಪ್ರೋಟೀನನ್ನು. ಕೋಶಕೇಂದ್ರದ ಪೊರೆಯ ಒಳಮೈಗೆ ಅಂಟಿಕೊಂಡಿರುವ, ಲ್ಯಾಮಿನಾ ಎಂದು ಕರೆಯಲಾಗುವ ಹೆಣಿಗೆಯ ಮುಖ್ಯ ಎಳೆಗಳಲ್ಲಿ ಅದೂ ಒಂದು. ಕೋಶಕೇಂದ್ರದ ಆಕಾರವನ್ನು ಕಾಯುವುದರ ಜೊತೆಗೆ, ಯಾವ ಜೀನುಗಳು ಅಂಚಿನಲ್ಲಿ ಮುದುಡಿ ಸುಮ್ಮನಿರಬೇಕು, ಯಾವುವು ಒಳಗೆ ತೆರೆದುಕೊಂಡು ಕೆಲಸ ಮಾಡಬೇಕು ಎಂಬ ವ್ಯವಸ್ಥೆಗೂ ಆ ಹೆಣಿಗೆ ಆಸರೆ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ವೀಣಾ ಪರ್ನಾಯಕ್ ಅವರ ತಂಡ, ಪ್ರೊಜೀರಿಯಾದ ಜೀನ್ ಪತ್ತೆಯಾಗುವ ಮೊದಲೇ, ಲ್ಯಾಮಿನ್‌ಗಳು ಕೋಶಕೇಂದ್ರದ ಅಂಚಿನಲ್ಲಿ ಮಾತ್ರವಲ್ಲದೆ ಒಳಗೂ ಆರ್‌ಎನ್‌ಎ ಜೋಡಣೆಯ ಘಟಕಗಳ ಜೊತೆಯಲ್ಲಿ ಕಾಣುತ್ತವೆಂದು ತೋರಿಸಿತ್ತು. ಲ್ಯಾಮಿನ್ ಬರೀ ಗೋಡೆಯ ಸಾಮಗ್ರಿ ಎಂಬ ಭಾವನೆ ಆ ಕಾಲದಲ್ಲೇ ಸಡಿಲಗೊಂಡಿತ್ತು.

ಲ್ಯಾಮಿನ್ ಎ ಸಿದ್ಧವಾಗುವ ಬಗೆ ಈ ಪ್ರಕರಣದ ತಿರುಳು, ಆದ್ದರಿಂದ ಅದನ್ನು ತುಸು ನಿಧಾನವಾಗಿ ನೋಡಬೇಕು. ಪ್ರೋಟೀನ್ ಮೊದಲು 664 ಅಮೈನೋ ಆಮ್ಲಗಳ ಪೂರ್ವರೂಪವಾಗಿ ಹುಟ್ಟುತ್ತದೆ. ಅದರ ತುದಿಗೆ ಒಂದು ಕಿಣ್ವ ಫಾರ್ನಸಿಲ್ ಎಂಬ ಕೊಬ್ಬಿನಂಥ ಗುಂಪನ್ನು ಜೋಡಿಸುತ್ತದೆ, ಅದರಿಂದಾಗಿ ಪ್ರೋಟೀನ್ ಪೊರೆಗೆ ಅಂಟಿಕೊಳ್ಳುತ್ತದೆ. ತುದಿಯ ಮೂರು ಅಮೈನೋ ಆಮ್ಲಗಳು ಕತ್ತರಿಸಿಹೋಗುತ್ತವೆ. ಆಮೇಲೆ ಝೆಡ್‌ಎಂಪಿಎಸ್‌ಟಿಇ24 ಎಂಬ ಕಿಣ್ವ ಇನ್ನೂ ಹದಿನೈದನ್ನು, ಅಂಟಿದ್ದ ಫಾರ್ನಸಿಲ್ ಸಮೇತ, ಕತ್ತರಿಸಿ ಹಾಕುತ್ತದೆ. ಉಳಿದ 646ರ ಪ್ರೋಟೀನೇ ಪಕ್ವವಾದ ಲ್ಯಾಮಿನ್ ಎ. ಫಾರ್ನಸಿಲ್‌ನ ಪಾತ್ರ ಮನೆ ಕಟ್ಟುವಾಗ ತಾರಸಿಗೆ ಕೊಡುವ ಸೆಂಟ್ರಿಂಗಿನದು: ಕೆಲಸದ ಹೊತ್ತಿಗೆ ಅದು ಬೇಕೇ ಬೇಕು, ಕೆಲಸ ಮುಗಿದ ಮೇಲೆ ತೆಗೆಯಲೂ ಬೇಕು. ಪ್ರೊಜೆರಿನ್‌ನಲ್ಲಿ ಕಾಣೆಯಾಗಿರುವ ಆ 50 ಅಮೈನೋ ಆಮ್ಲಗಳ ನಡುವೆಯೇ ಕೊನೆಯ ಕತ್ತರಿಯ ತಾಣವೂ ಇರುವುದರಿಂದ, ತುದಿಗೆ ಫಾರ್ನಸಿಲ್ ಅಂಟುತ್ತದೆ, ಆದರೆ ಮತ್ತೆಂದೂ ಕಳಚುವುದಿಲ್ಲ. ಪ್ರೋಟೀನ್ ಪೊರೆಗೆ ಶಾಶ್ವತವಾಗಿ ಅಂಟಿಕೊಂಡು, ಕೋಶ ವಿಭಜನೆಯಾದಂತೆಲ್ಲ ಗುಡ್ಡೆಬೀಳುತ್ತದೆ.

ಸೂಕ್ಷ್ಮದರ್ಶಕದಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ದುಂಡಗಿರಬೇಕಾದ ಕೋಶಕೇಂದ್ರ ಅಲ್ಲಲ್ಲಿ ಉಬ್ಬಿ, ಮಡಿಕೆಬಿದ್ದು, ವಿಕಾರಗೊಳ್ಳುತ್ತದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಕೋಶಗಳನ್ನು ಹೆಚ್ಚು ಸಲ ವಿಭಜಿಸಲು ಬಿಟ್ಟಷ್ಟೂ ವಿಕಾರ ಹೆಚ್ಚುತ್ತದೆ. ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ನಡೆಯಬೇಕಾದ ದುರಸ್ತಿ ತಡವಾಗುತ್ತದೆ. ವರ್ಣತಂತುಗಳ ತುದಿಯ ಟೆಲೊಮಿಯರ್‌ಗಳು ಹಾನಿಗೊಳ್ಳುತ್ತವೆ, ಕೋಶ ಬೇಗನೆ ವಿಭಜನೆ ನಿಲ್ಲಿಸುತ್ತದೆ.

ಎಪಿಜೆನೆಟಿಕ್ ಗುರುತುಗಳು

ಡಿಎನ್‌ಎಯ ಅಕ್ಷರಗಳು ಹಾಗೆಯೇ ಇದ್ದು, ಅವುಗಳ ಮೇಲೂ ಅವು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಮೇಲೂ ಬೀಳುವ ರಾಸಾಯನಿಕ ಗುರುತುಗಳು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಮಾಡಬಾರದು ಎಂಬುದನ್ನು ನಿಯಂತ್ರಿಸುತ್ತವೆ. ಇದನ್ನೇ ಎಪಿಜೆನೆಟಿಕ್ ನಿಯಂತ್ರಣ ಎನ್ನುತ್ತಾರೆ. ಸುಮ್ಮನಿರಬೇಕಾದ ಜೀನುಗಳಿರುವ ಭಾಗ ಮುದುಡಿಕೊಂಡು ಲ್ಯಾಮಿನಾಕ್ಕೆ ಒತ್ತಿಕೊಂಡಿರುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪ್ರೊಜೀರಿಯಾ ಇರುವ ಹುಡುಗಿಯೊಬ್ಬಳ ಕೋಶಗಳಲ್ಲಿ ಜೀನುಗಳನ್ನು ಮುಚ್ಚಿಡುವ ಎರಡು ಹಿಸ್ಟೋನ್ ಗುರುತುಗಳು ಕುಸಿದಿದ್ದನ್ನು ತೋರಿಸಿತು. ಅವುಗಳಲ್ಲೊಂದು, ಹೆಣ್ಣಿನ ಪ್ರತಿ ಕೋಶದಲ್ಲಿಯೂ ನಿಷ್ಕ್ರಿಯವಾಗಿರಬೇಕಾದ ಎಕ್ಸ್ ವರ್ಣತಂತುವಿನ ಮೇಲಿಂದಲೇ ಮರೆಯಾಗಿತ್ತು. ಗಮನಿಸಬೇಕಾದದ್ದು ಅನುಕ್ರಮ: ಕೋಶಕೇಂದ್ರದ ಆಕಾರ ಕೆಡುವುದಕ್ಕೂ ಮೊದಲೇ ಗುರುತುಗಳು ಅಳಿಸತೊಡಗಿದ್ದವು. ಕೆಲವು ವರ್ಷಗಳ ನಂತರ, ವರ್ಣತಂತುಗಳು ಕೋಶಕೇಂದ್ರದೊಳಗೆ ಮಡಚಿಕೊಳ್ಳುವ ಮೂರು ಆಯಾಮದ ವಿನ್ಯಾಸವೂ ಈ ಕೋಶಗಳಲ್ಲಿ ಕಲಸಿಹೋಗುತ್ತದೆಂದು ಕಂಡುಬಂತು. ಆಕಾರದ ವಿಕಾರವೇ ರೋಗ ಎಂದು ಬರೆಯುವವರು ಈ ಅನುಕ್ರಮವನ್ನು ಮರೆಯುತ್ತಾರೆ.

ಮುಪ್ಪಿನ ಸಂಶೋಧನೆಯಲ್ಲಿ ಈಗ ಎಲ್ಲರ ಬಾಯಲ್ಲೂ ಇರುವ ಎಪಿಜೆನೆಟಿಕ್ ಗಡಿಯಾರದ ಕಥೆ ಇಲ್ಲಿ ಇನ್ನೊಂದು ಪಾಠ ಕಲಿಸುತ್ತದೆ. ಡಿಎನ್‌ಎಯ ಕೆಲವು ಸ್ಥಾನಗಳಲ್ಲಿ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತು ಸೇರುವ, ಕಳಚುವ ಪ್ರಮಾಣ ವಯಸ್ಸಿನೊಂದಿಗೆ ಸಾಕಷ್ಟು ಕ್ರಮಬದ್ಧವಾಗಿ ಬದಲಾಗುತ್ತದೆ. ಅಮೆರಿಕದ ಸ್ಟೀವ್ ಹೊರ್ವಾತ್ 2013ರಲ್ಲಿ ಅಂಥ 353 ಸ್ಥಾನಗಳನ್ನು ಆರಿಸಿ, ಹಲವು ಬಗೆಯ ಅಂಗಾಂಶಗಳ ವಯಸ್ಸನ್ನು ಅಂದಾಜಿಸುವ ಗಣಿತವನ್ನು ಕೊಟ್ಟರು. ಮುಪ್ಪು ವೇಗವಾಗಿ ಓಡುತ್ತಿದೆ ಎನ್ನುವ ಪ್ರೊಜೀರಿಯಾ ಕೋಶಗಳನ್ನು ಆ ಗಡಿಯಾರಕ್ಕೆ ಒಡ್ಡಿದಾಗ ಅವು ಹೆಚ್ಚು ವಯಸ್ಸಾದಂತೆ ಕಾಣಲೇ ಇಲ್ಲ. 2018ರಲ್ಲಿ ಹೊರ್ವಾತ್ ಮತ್ತು ಸಹೋದ್ಯೋಗಿಗಳು ಚರ್ಮ ಮತ್ತು ರಕ್ತದ ಕೋಶಗಳಿಗಾಗಿ 391 ಸ್ಥಾನಗಳ ಮತ್ತೊಂದು ಗಡಿಯಾರವನ್ನು ರೂಪಿಸಿದರು. ಚರ್ಮದಿಂದ ತೆಗೆದ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಅದರಿಂದ ಅಳೆದಾಗ ಪ್ರೊಜೀರಿಯಾದ ಮಕ್ಕಳ ಕೋಶಗಳು ನಿಜವಾದ ವಯಸ್ಸಿಗಿಂತ ಮುಂದಿದ್ದವು. ಒಂದೇ ರೋಗಕ್ಕೆ ಎರಡು ಗಡಿಯಾರಗಳು ಎರಡು ಉತ್ತರ ಕೊಟ್ಟವು. ಅಂದಮೇಲೆ ಗಡಿಯಾರ ತೋರಿಸುವ ಸಂಖ್ಯೆ ಯಾವ ಅಂಗಾಂಶದಿಂದ, ಯಾವ ಸ್ಥಾನಗಳನ್ನು ಆರಿಸಿ ಅಳೆದದ್ದು ಎಂಬುದನ್ನು ಬಿಟ್ಟು ಆ ಸಂಖ್ಯೆಗೆ ಸ್ವತಂತ್ರ ಅರ್ಥವಿಲ್ಲ. ರಕ್ತದ ಒಂದು ಹನಿಯಿಂದ ನಿಮ್ಮ ಜೈವಿಕ ವಯಸ್ಸು ಹೇಳುತ್ತೇವೆ ಎಂಬ ಜಾಹೀರಾತು ಓದುವಾಗ ಈ ಸಂಗತಿ ನೆನಪಿನಲ್ಲಿದ್ದರೆ ಒಳ್ಳೆಯದು.

ಎಪಿಜೆನೆಟಿಕ್ ಹಾನಿಯನ್ನು ಹಿಂದಕ್ಕೆ ತಿರುಗಿಸಬಹುದೇ ಎಂಬ ಪ್ರಶ್ನೆಗೂ ಈ ರೋಗ ಪ್ರಯೋಗಭೂಮಿಯಾಯಿತು. 2011ರಲ್ಲಿ ಪ್ರೊಜೀರಿಯಾ ರೋಗಿಗಳ ಚರ್ಮಕೋಶಗಳನ್ನು ಯಮನಾಕ ಅಂಶಗಳೆಂಬ ಪ್ರೋಟೀನುಗಳ ನೆರವಿನಿಂದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ, ಭ್ರೂಣದ ಕಾಂಡಕೋಶದಂಥ ಸ್ಥಿತಿಗೆ ತಂದಾಗ ಪ್ರೊಜೆರಿನ್ ಮಾಯವಾಯಿತು, ಕೋಶಕೇಂದ್ರ ದುಂಡಗಾಯಿತು, ಕಳೆದ ಗುರುತುಗಳು ಮರಳಿದವು. ಅಂಥ ಕಾಂಡಕೋಶಗಳಲ್ಲಿ ಲ್ಯಾಮಿನ್ ಎ ತಯಾರಾಗುವುದೇ ಬಹಳ ಕಡಿಮೆ ಎಂಬುದು ಇದಕ್ಕೆ ಕಾರಣ. ಅವನ್ನು ಮತ್ತೆ ಸ್ನಾಯುಕೋಶಗಳನ್ನಾಗಿ ಬೆಳೆಸಿದೊಡನೆ ರೋಗವೂ ಮರಳಿತು. ಕಾರ್ಲೊಸ್ ಇಸ್ಪಿಸುವಾ ಬೆಲ್ಮಾಂಟೆ ತಂಡ 2016ರಲ್ಲಿ ಇನ್ನೂ ಮುಂದೆ ಹೋಗಿ, ಪ್ರೊಜೀರಿಯಾದ ಜೀನ್ ದೋಷವಿರುವ ಇಲಿಗಳಲ್ಲಿ ಅದೇ ಅಂಶಗಳನ್ನು ವಾರಕ್ಕೆ ಎರಡು ದಿನ ಮಾತ್ರ ಚಾಲೂ ಮಾಡಿ, ಉಳಿದ ದಿನ ನಿಲ್ಲಿಸಿ, ಅವುಗಳ ಆಯುಸ್ಸನ್ನು ಹೆಚ್ಚಿಸಿತು. ಜೀನಿನ ದೋಷ ಹಾಗೆಯೇ ಇತ್ತು, ಬದಲಾದದ್ದು ಗುರುತುಗಳು. ಈ ಪ್ರಯೋಗದ ಸುತ್ತ ಕಟ್ಟಿದ ಯೌವನದ ಕನಸುಗಳು ಅದರ ಫಲಿತಾಂಶಕ್ಕಿಂತ ಬಹಳ ದೊಡ್ಡವು. ಅಂಶಗಳನ್ನು ಬಿಡುವಿಲ್ಲದೆ ಚಾಲೂ ಇಟ್ಟರೆ ಇಲಿಗಳಲ್ಲಿ ಗೆಡ್ಡೆಗಳು ಹುಟ್ಟುತ್ತವೆ, ಪ್ರಾಣವೂ ಹೋಗುತ್ತದೆ.

ಇದು ಮುಪ್ಪೇ?

ಪ್ರಶ್ನೆಗೆ ಹೌದೆನ್ನುವ ಸಾಕ್ಷ್ಯ ಗಟ್ಟಿಯಾಗಿಯೇ ಇದೆ. 2006ರಲ್ಲಿ ಪಾವೊಲಾ ಸ್ಕಾಫಿಡಿ ಮತ್ತು ಟಾಮ್ ಮಿಸ್ಟೆಲಿ, ಪ್ರೊಜೀರಿಯಾ ಇಲ್ಲದ, ಆರೋಗ್ಯವಂತರಾದ 81ರಿಂದ 96 ವರ್ಷದವರ ಚರ್ಮಕೋಶಗಳನ್ನು ಚಿಕ್ಕ ಮಕ್ಕಳ ಕೋಶಗಳೊಂದಿಗೆ ಹೋಲಿಸಿದರು. ಪ್ರೊಜೀರಿಯಾದಲ್ಲಿ ಕಂಡಂಥ ದೋಷಗಳೇ ವೃದ್ಧರ ಕೋಶಗಳಲ್ಲಿದ್ದವು. ಸಾಮಾನ್ಯ ಜೀನಿನಲ್ಲೂ ಆ ತಪ್ಪು ಕತ್ತರಿಯ ತಾಣ ಆಗೊಮ್ಮೆ ಈಗೊಮ್ಮೆ ಬಳಕೆಯಾಗಿ, ನಮ್ಮೆಲ್ಲರಲ್ಲೂ ಲೇಶಮಾತ್ರ ಪ್ರೊಜೆರಿನ್ ಹುಟ್ಟುತ್ತಿರುತ್ತದೆ. ಅದನ್ನು ತಡೆದಾಗ ದೋಷಗಳು ಸರಿಹೋದವು. ಟೆಲೊಮಿಯರ್ ಸವೆದಾಗ ಸಾಮಾನ್ಯ ಕೋಶಗಳೂ ಹೆಚ್ಚು ಪ್ರೊಜೆರಿನ್ ತಯಾರಿಸುತ್ತವೆ ಎಂದು 2011ರಲ್ಲಿ ತಿಳಿಯಿತು. ವಯಸ್ಸಾದವರ ಹೃದಯದ ಅಪಧಮನಿಗಳ ಗೋಡೆಯಲ್ಲೂ ಪ್ರೊಜೆರಿನ್ ಇರುವುದನ್ನು ಶವಪರೀಕ್ಷೆಯ ಮಾದರಿಗಳು ತೋರಿಸಿವೆ.

ಆದರೂ ಈ ಮಕ್ಕಳಿಗೆ ಮರೆಗುಳಿತನ ಬರುವುದಿಲ್ಲ. ಕಣ್ಣಿಗೆ ಪೊರೆ ಬರುವುದಿಲ್ಲ. ಮುಪ್ಪಿನ ದೊಡ್ಡ ರೋಗವಾದ ಕ್ಯಾನ್ಸರ್ ಇವರಲ್ಲಿ ತೀರ ಅಪರೂಪ. ಮಿದುಳು ಏಕೆ ಪಾರಾಗುತ್ತದೆ ಎಂಬುದಕ್ಕೆ 2012ರಲ್ಲಿ ಸಿಕ್ಕ ಉತ್ತರ ಸೊಗಸಾದದ್ದು: ನರಕೋಶಗಳಲ್ಲಿ ಎಂಐಆರ್-9 ಎಂಬ ಪುಟ್ಟ ಆರ್‌ಎನ್‌ಎ ಹೇರಳವಾಗಿದ್ದು, ಲ್ಯಾಮಿನ್ ಎ ಮತ್ತು ಪ್ರೊಜೆರಿನ್ ತಯಾರಾಗುವುದನ್ನೇ ಅದು ಅಡಗಿಸುತ್ತದೆ. ವಿಷ ಹುಟ್ಟದ ಕಡೆ ಮುಪ್ಪೂ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ, ನಾಡಿ ಬಡಿದಾಗಲೆಲ್ಲ ಎಳೆತಕ್ಕೆ ಸಿಕ್ಕುವ ದೊಡ್ಡ ಅಪಧಮನಿಗಳ ನಯ ಸ್ನಾಯುಕೋಶಗಳು ಮೊದಲು ಸಾಯುತ್ತವೆ. ಧೂಮಪಾನವಿಲ್ಲ, ಬೊಜ್ಜಿಲ್ಲ, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲಿನ ಏರಿಕೆಯೂ ಸಾಮಾನ್ಯವಾಗಿ ಇಲ್ಲ. ಆದರೂ ರಕ್ತನಾಳ ನಾರುಗಟ್ಟಿ ಬಿರುಸಾಗುತ್ತದೆ. ನಮ್ಮ ವೈದ್ಯರು ಹೃದ್ರೋಗದ ಅಪಾಯವನ್ನು ಎಣಿಸುವ ಪಟ್ಟಿಯಲ್ಲಿರುವ ಇಂಥ ಅಂಶಗಳಿಲ್ಲದೆಯೂ ಅಪಧಮನಿ ಮುದಿಯಾಗಬಲ್ಲದು ಎಂದು ಈ ಮಕ್ಕಳ ದೇಹ ಹೇಳುತ್ತಿದೆ. ಹೋಲಿಕೆಗೆ ವರ್ನರ್ ಸಿಂಡ್ರೋಮನ್ನು ನೋಡಬಹುದು. ಡಿಎನ್‌ಎಯ ಎಳೆಗಳನ್ನು ಬಿಡಿಸುವ ಒಂದು ಕಿಣ್ವ ಕೆಟ್ಟು ಬರುವ ಆ ರೋಗ ಹರೆಯದ ನಂತರ ಕಾಣಿಸಿಕೊಂಡು, ಕಣ್ಣಿನ ಪೊರೆ, ಮಧುಮೇಹ, ಕ್ಯಾನ್ಸರ್ ಎಲ್ಲವನ್ನೂ ತರುತ್ತದೆ. ಎರಡೂ ಅಕಾಲದ ಮುಪ್ಪುಗಳೇ, ಆದರೆ ಒಂದರ ಚಿತ್ರ ಇನ್ನೊಂದರಂತಿಲ್ಲ. ಮುಪ್ಪು ಒಂದೇ ಪ್ರಕ್ರಿಯೆಯಾಗಿದ್ದು ಅದರ ವೇಗ ಮಾತ್ರ ಹೆಚ್ಚಾಗುವಂತಿದ್ದರೆ ಹೀಗಾಗುತ್ತಿರಲಿಲ್ಲ. ಪ್ರೊಜೀರಿಯಾ ತೋರಿಸುವುದು ಕೋಶಕೇಂದ್ರದ ಹೆಣಿಗೆ ಸಡಿಲವಾದರೆ ಮುಪ್ಪಿನ ಯಾವ ಪಾಲು ಉಂಟಾಗುತ್ತದೆ ಎಂಬುದನ್ನು. ಆ ಪಾಲಿನಲ್ಲಿ ರಕ್ತನಾಳ, ಚರ್ಮ, ಮೂಳೆ, ಕೊಬ್ಬು ಇವೆ, ಮಿದುಳು ಇಲ್ಲ.

ಔಷಧ

ಫಾರ್ನಸಿಲ್ ಕಳಚದಿರುವುದೇ ತೊಂದರೆಯಾದರೆ ಅದು ಅಂಟದಂತೆಯೇ ಮಾಡಬಹುದಲ್ಲ ಎಂಬ ಆಲೋಚನೆ ಸಹಜವಾಗಿ ಬಂತು. ಅದಕ್ಕೆ ಬೇಕಾದ ಔಷಧಗಳು ಆಗಲೇ ತಯಾರಿದ್ದವು. ಕ್ಯಾನ್ಸರ್‌ನಲ್ಲಿ ಪಾತ್ರವಿರುವ ರಾಸ್ ಎಂಬ ಪ್ರೋಟೀನಿಗೂ ಫಾರ್ನಸಿಲ್ ಬೇಕಾದ್ದರಿಂದ, ಆ ಕಿಣ್ವವನ್ನು ತಡೆಯುವ ಗುಳಿಗೆಗಳನ್ನು ಔಷಧ ಕಂಪನಿಗಳು ರೂಪಿಸಿದ್ದವು. ಕ್ಯಾನ್ಸರ್‌ನಲ್ಲಿ ಅವು ನಿರೀಕ್ಷಿಸಿದಷ್ಟು ಫಲ ಕೊಟ್ಟಿರಲಿಲ್ಲ. 2005ರಲ್ಲಿ ಹಲವು ಪ್ರಯೋಗಾಲಯಗಳು ಇವು ಪ್ರೊಜೀರಿಯಾ ಕೋಶಗಳ ಕೇಂದ್ರವನ್ನು ಸರಿಪಡಿಸುತ್ತವೆಂದು ತೋರಿಸಿದವು, ಇಲಿಗಳಲ್ಲೂ ಒಳ್ಳೆಯ ಸೂಚನೆ ಕಂಡಿತು. ಜೀನ್ ಪತ್ತೆಯಾದ ನಾಲ್ಕೇ ವರ್ಷಗಳಲ್ಲಿ, 2007ರಲ್ಲಿ, ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಲೊನಾಫಾರ್ನಿಬ್ ಎಂಬ ಔಷಧದ ಪರೀಕ್ಷೆ ಶುರುವಾಯಿತು. ವಿರಳ ರೋಗಗಳ ಲೋಕದಲ್ಲಿ ಇಷ್ಟು ವೇಗ ಕಾಣುವುದು ಕಡಿಮೆ.

ಪರೀಕ್ಷೆಯ ವಿನ್ಯಾಸವೇ ಒಂದು ಸಮಸ್ಯೆಯಾಗಿತ್ತು. ಇಡೀ ಜಗತ್ತಿನಲ್ಲಿ ಗೊತ್ತಿದ್ದ ರೋಗಿಗಳೇ ಬೆರಳೆಣಿಕೆಯಷ್ಟು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಹುಸಿಗುಳಿಗೆ ಕೊಟ್ಟು ಏನಾಗುತ್ತದೆಂದು ನೋಡುತ್ತ ಕೂರಲು ಯಾರಿಗೂ ಮನಸ್ಸಿರಲಿಲ್ಲ. ಆದ್ದರಿಂದ ಪ್ರತಿ ಮಗುವನ್ನೂ ಅದರ ಹಿಂದಿನ ಸ್ಥಿತಿಗೇ ಹೋಲಿಸಲಾಯಿತು, ತೂಕ ಏರುವ ವೇಗವನ್ನು ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಲಾಯಿತು. ಪರೀಕ್ಷೆ ಪೂರೈಸಿದ 25 ಮಕ್ಕಳಲ್ಲಿ 9 ಮಂದಿಯ ತೂಕದ ಏರಿಕೆ ನಿಗದಿ ಮಾಡಿದ ಮಟ್ಟವನ್ನು ಮುಟ್ಟಿತೆಂದೂ, ಅಪಧಮನಿಗಳ ಬಿರುಸು ಇಳಿಯಿತೆಂದೂ 2012ರಲ್ಲಿ ಪ್ರಕಟವಾಯಿತು. ನನಗೆ ಅನ್ನಿಸುವಂತೆ ತೂಕ ಅಷ್ಟೇನೂ ಒಳ್ಳೆಯ ಅಳತೆಯಾಗಿರಲಿಲ್ಲ. ಮಕ್ಕಳನ್ನು ಕೊಲ್ಲುವುದು ರಕ್ತನಾಳ, ತೂಕವಲ್ಲ. ಉಳಿವಿನ ಲೆಕ್ಕ 2018ರಲ್ಲಿ ಬಂತು. ಔಷಧ ಪಡೆದ 27 ಮಕ್ಕಳನ್ನು, ವಯಸ್ಸು ಮತ್ತು ನೆಲೆಗಳಲ್ಲಿ ಅವರಿಗೆ ಸರಿದೂಗುವ, ಔಷಧ ಪಡೆಯದ 27 ಮಂದಿಯ ಜೊತೆ ಹೋಲಿಸಿದಾಗ, ಸುಮಾರು 2.2 ವರ್ಷಗಳ ಅವಧಿಯಲ್ಲಿ ಮೊದಲ ಗುಂಪಿನಲ್ಲಿ ಒಬ್ಬರು, ಎರಡನೆಯ ಗುಂಪಿನಲ್ಲಿ 9 ಮಂದಿ ತೀರಿಕೊಂಡಿದ್ದರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರ ನವೆಂಬರ್ 20ರಂದು ಲೊನಾಫಾರ್ನಿಬ್‌ಗೆ ಒಪ್ಪಿಗೆ ನೀಡಿತು. ಪ್ರೊಜೀರಿಯಾಕ್ಕೆ ಒಪ್ಪಿಗೆ ಸಿಕ್ಕ ಮೊದಲ ಔಷಧ ಅದು. ಗರಿಷ್ಠ 11 ವರ್ಷಗಳವರೆಗಿನ ಅನುಸರಣೆಯಲ್ಲಿ ಆಯುಸ್ಸು ಸರಾಸರಿ 2.5 ವರ್ಷ ಹೆಚ್ಚಿದೆ ಎಂದು ಆ ಸಂದರ್ಭದ ಲೆಕ್ಕ ಹೇಳಿತು. ವಾಂತಿ ಮತ್ತು ಭೇದಿ ಮಾತ್ರ ಇದನ್ನು ತೆಗೆದುಕೊಳ್ಳುವ ಬಹುತೇಕ ಮಕ್ಕಳನ್ನು ಕಾಡುತ್ತವೆ.

ಎರಡೂವರೆ ವರ್ಷ ಏಕೆ, ಹತ್ತೇಕಲ್ಲ? ಒಂದು ಕಾರಣ, ಫಾರ್ನಸಿಲ್ ಅಂಟದಂತೆ ತಡೆದಾಗ ಮತ್ತೊಂದು ಕಿಣ್ವ ಅದರ ಜಾಗಕ್ಕೆ ಬೇರೊಂದು ಕೊಬ್ಬಿನ ಗುಂಪನ್ನು ಜೋಡಿಸಬಲ್ಲದು. ಆ ದಾರಿಯನ್ನೂ ಮುಚ್ಚಲು ಕೊಲೆಸ್ಟ್ರಾಲ್ ಇಳಿಸುವ ಒಂದು ಸ್ಟ್ಯಾಟಿನ್ ಔಷಧವನ್ನೂ ಮೂಳೆ ಸವೆತಕ್ಕೆ ಕೊಡುವ ಝೊಲೆಡ್ರೊನಿಕ್ ಆಮ್ಲವನ್ನೂ ಸೇರಿಸಿ ನೋಡಿದರು; ಇಲಿಗಳಲ್ಲಿ ಫಲ ಕೊಟ್ಟ ಆ ಜೋಡಿ ಮಕ್ಕಳಲ್ಲಿ ರಕ್ತನಾಳಗಳ ಮಟ್ಟಿಗೆ ಲೊನಾಫಾರ್ನಿಬ್ ಒಂದಕ್ಕಿಂತ ಹೆಚ್ಚಿನ ಲಾಭ ತೋರಿಸಲಿಲ್ಲ. ಇನ್ನೊಂದು ಕಾರಣ ಹೆಚ್ಚು ಮೂಲಭೂತವಾದದ್ದು: ಔಷಧ ಪ್ರೊಜೆರಿನ್‌ನ ಅಂಟನ್ನು ಕಡಿಮೆ ಮಾಡುತ್ತದೆಯೇ ಹೊರತು, ಜೀನ್ ಅದನ್ನು ತಯಾರಿಸುತ್ತಲೇ ಇರುತ್ತದೆ. ರಾಪಾಮೈಸಿನ್ ಬಗೆಯ ಔಷಧಗಳು ಕೋಶದ ಕಸವಿಲೇವಾರಿಯನ್ನು ಚುರುಕುಗೊಳಿಸಿ, ಹುಟ್ಟಿದ ಪ್ರೊಜೆರಿನ್ ಅನ್ನು ಬೇಗ ತೆಗೆದುಹಾಕುತ್ತವೆ ಎಂದು 2011ರಲ್ಲಿ ಕೋಶಗಳಲ್ಲಿ ತಿಳಿದದ್ದರಿಂದ, ಅದೇ ಕುಟುಂಬದ ಎವರೊಲಿಮಸ್ ಅನ್ನು ಲೊನಾಫಾರ್ನಿಬ್ ಜೊತೆ ಸೇರಿಸುವ ಪರೀಕ್ಷೆಯೂ ನಡೆದಿದೆ.

ಮೂಲವನ್ನೇ ಸರಿಪಡಿಸುವ ಪ್ರಯತ್ನ 2021ರ ಜನವರಿಯಲ್ಲಿ ಪ್ರಕಟವಾಯಿತು. ಅಮೆರಿಕದ ವಿಜ್ಞಾನಿ ಡೇವಿಡ್ ಲಿಯು ಅವರ ಪ್ರಯೋಗಾಲಯ, ಕಾಲಿನ್ಸ್ ಮತ್ತು ಇತರರೊಂದಿಗೆ, ಡಿಎನ್‌ಎಯನ್ನು ತುಂಡರಿಸದೆಯೇ ಒಂದು ಅಕ್ಷರವನ್ನು ಇನ್ನೊಂದಾಗಿ ಬದಲಿಸುವ ಬೇಸ್ ಎಡಿಟರ್ ತಂತ್ರವನ್ನು ಬಳಸಿತು. ರೋಗಿಗಳಿಂದ ತೆಗೆದ ಕೋಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತರಷ್ಟು ಜೀನ್ ಪ್ರತಿಗಳು ಸರಿಯಾದವು. ಮಾನವನ ದೋಷಯುಕ್ತ ಜೀನನ್ನು ಹೊತ್ತ ಇಲಿಗಳಿಗೆ, ಹುಟ್ಟಿದ ಹದಿನಾಲ್ಕನೆಯ ದಿನ, ಎಡಿಟರ್ ಅನ್ನು ಒಂದು ನಿರುಪದ್ರವಿ ವೈರಸ್ಸಿನಲ್ಲಿ ತುಂಬಿ ಒಮ್ಮೆ ಚುಚ್ಚಲಾಯಿತು. ಅವುಗಳ ಮಧ್ಯಮ ಆಯುಸ್ಸು 215 ದಿನಗಳಿಂದ 510 ದಿನಗಳಿಗೆ ಏರಿತು, ಮಹಾಪಧಮನಿಯಲ್ಲಿ ನಯ ಸ್ನಾಯುಕೋಶಗಳು ಉಳಿದುಕೊಂಡವು. ಎಲ್ಲ ಕೋಶಗಳೂ ಸರಿಹೋಗಿರಲಿಲ್ಲ ಎಂಬುದು ಇಲ್ಲಿಯ ಆಶಾದಾಯಕ ಅಂಶ. ಒಂದು ಪಾಲು ಸರಿಹೋದರೂ ಅಂಗಾಂಶ ತಾಳಿಕೊಳ್ಳುತ್ತದೆ. ಬಹಳ ಕಾಲ ಬದುಕಿದ ಕೆಲವು ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳು ಕಂಡವು. ಹೆಚ್ಚಿನ ಪ್ರಮಾಣದ ಆ ವೈರಸ್ ವಾಹಕಕ್ಕೆ ಒಳಗಾದ ಇಲಿಗಳಲ್ಲಿ ಹಾಗಾಗುವುದು ಮೊದಲೇ ತಿಳಿದಿದ್ದ ಸಂಗತಿ. ಮಕ್ಕಳಿಗೆ ಕೊಡುವ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆ ಅದು.

ಸ್ಯಾಮ್ ಬರ್ನ್ಸ್ ಮೊದಲ ಪರೀಕ್ಷೆಯಲ್ಲಿ ಪಾಲ್ಗೊಂಡು, 2014ರ ಜನವರಿಯಲ್ಲಿ, 17ನೆಯ ವಯಸ್ಸಿನಲ್ಲಿ ತೀರಿಕೊಂಡ. ಇಟಲಿಯ ಸ್ಯಾಮಿ ಬಾಸ್ಸೊ ಕೂಡ ಆ ಔಷಧದ ಪರೀಕ್ಷೆಗಳಲ್ಲಿದ್ದವರು. ಪಾದುವಾ ವಿಶ್ವವಿದ್ಯಾಲಯದಲ್ಲಿ ಅಣು ಜೀವವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, ತಮ್ಮದೇ ರೋಗವನ್ನು ಅಭ್ಯಾಸ ಮಾಡಿದರು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 28 ವರ್ಷ. ಹೀಗೆ ಆಯುಸ್ಸು ಹಿಗ್ಗಿದಂತೆ ವೈದ್ಯರ ಮುಂದೆ ರೋಗದ ಮತ್ತೊಂದು ಮುಖ ಬಂದಿದೆ: ಹದಿಹರೆಯ ದಾಟಿದವರಲ್ಲಿ ಹೃದಯದ ಮಹಾಪಧಮನಿಯ ಕವಾಟದಲ್ಲಿ ಸುಣ್ಣ ಕಟ್ಟಿ ದಾರಿ ಕಿರಿದಾಗುತ್ತಿದೆ. ಎಪ್ಪತ್ತರ ಆಚೆಯವರ ಹೃದ್ರೋಗ ಚಿಕಿತ್ಸಾಲಯಗಳಲ್ಲಿ ದಿನನಿತ್ಯ ಕಾಣುವ ಕಾಯಿಲೆಯೇ ಅದು. ಅಷ್ಟು ಸಣ್ಣ ದೇಹದ, ಬಿರುಸಾದ ರಕ್ತನಾಳಗಳ ಮೂಲಕ ಕವಾಟ ಬದಲಿಸುವುದು ಹೇಗೆ, ಯಾವ ಹಂತದಲ್ಲಿ ಬದಲಿಸಬೇಕು ಎಂಬುದೀಗ ಚಿಕಿತ್ಸಕರ ಪ್ರಶ್ನೆ. ಸುಣ್ಣ ಕಟ್ಟುವುದರಲ್ಲಿ ಪ್ರೊಜೆರಿನ್‌ನ ನೇರ ಕೈವಾಡವೆಷ್ಟು, ಅದರಿಂದ ಬಿರುಸಾದ ಮಹಾಪಧಮನಿಯ ಒತ್ತಡದ ಪಾಲೆಷ್ಟು ಎಂಬುದು ಜೀವವಿಜ್ಞಾನಿಗಳದ್ದು.